ದೋಣಿ ಹಾಡಿನ ಶ್ರುತಿ

ನ್ಯೂಯಾರ್ಕ್
ಸೋಮವಾರ

ಪ್ರೀತಿಯ ಸಾಲ್,

ಮೊದಲು ಬೈಗುಳ. ನಿನ್ನೆ ನನ್ನ ಬೀಳ್ಕೊಡುಗೆಗೆಂದು ನೀನು ತಂದ ಚೀಸ್‌ಕೇಕ್ ಅರ್ಧಕ್ಕರ್ಧ ನಿನ್ನ ಹೊಟ್ಟೆಗೇ ಸೇರಿತು.

ಈಗ ಕೆಲಸದ ಮಾತು. ನಾಳೆಯಿಂದ ನಮ್ಮ ನಾಟಕದ ‘ಕೊನೆಯ ದೋಣಿ’ ಹಾಡನ್ನು ಇವೆಟ್ ಹಾಡುತ್ತಾಳೆ. ನಾನು ರಜೆ ಹಾಕಿದಾಗಲೆಲ್ಲ ನನ್ನ ಪಾತ್ರಕ್ಕೆ ನಿಂತವಳು ಅವಳು. ಇವತ್ತು ನನ್ನ ಬದಲು ಅವಳು ಎಂಬ ಚೀಟಿಯನ್ನು ರಂಗಮಂದಿರದ ಬಾಗಿಲಲ್ಲಿ ಹಂಚಿದಾಗ ಜನ ಉಸ್ಸೆಂದರೂ ನಗುನಗುತ್ತ ಹಾಡಿದವಳು. ನಿನ್ನೆ ನನ್ನ ಕೋಣೆಗೆ ಬಂದು, “ಮೇಡಂ, ಜನ ನೀವೇ ಬೇಕು ಅಂದ್ರೆ ಏನ್ ಮಾಡ್ಲಿ?” ಎಂದಳು.

“ಸತ್ತೋದ್ಲು ಅಂದ್ಬಿಡು. ಚಪ್ಪಾಳೆ ಇನ್ನೂ ಜಾಸ್ತಿ ಬೀಳುತ್ತೆ” ಎಂದೆ.

ಸಾಲ್, ಆ ಹಾಡಿನ ಶ್ರುತಿಯನ್ನು ಮೊದಲಿದ್ದ ಎತ್ತರಕ್ಕೇ ಏರಿಸು. ಏನೂ ಗೊತ್ತಿಲ್ಲದವನ ಹಾಗೆ ಮುಖ ಮಾಡಬೇಡ. ನನಗೆ ಐವತ್ತು ತುಂಬಿದ ವರ್ಷ ಒಮ್ಮೆ, ಕಳೆದ ಚಳಿಗಾಲದ ಕೆಮ್ಮಿನ ನಂತರ ಇನ್ನೊಮ್ಮೆ, ನನಗೆ ಹೇಳದೆ ನೀನೇ ಅದನ್ನು ಇಳಿಸಿದೆ. ನಿನ್ನ ವಾದ್ಯವೃಂದದವರೆಲ್ಲರ ಬಾಯಿಯನ್ನೂ ಮುಚ್ಚಿಸಿದೆ. ಮೇಲಿನ ಸ್ವರ ಅಷ್ಟು ಸಲೀಸಾಗಿ ಸಿಕ್ಕ ಸಂಜೆಯೇ ನನಗೆ ತಿಳಿಯಿತು. ಆದರೂ ಮಹಾ ಸಾಧನೆ ಮಾಡಿದವಳಂತೆ ಬಾಗಿ ನಮಸ್ಕರಿಸಿದೆ.

ಪಾಪ, ಇವೆಟ್ ನನ್ನ ಇಳಿದ ಶ್ರುತಿಯಲ್ಲೇ ಹಾಡಿಕೊಂಡು ಬಂದಿದ್ದಾಳೆ. ಅವಳ ಕಂಠ ಇನ್ನೂ ಮೇಲೇರಬಲ್ಲದು. ನಾಳೆ ಮಧ್ಯಾಹ್ನ ಅಭ್ಯಾಸ ಮಾಡಿಸು.

ರಾತ್ರಿಯ ಪ್ರದರ್ಶನಕ್ಕೆ ನಾನು ಬಾಲ್ಕನಿಯ ಕೊನೆಯ ಸಾಲಿನಲ್ಲಿರುತ್ತೇನೆ. ಅವಳಿಗೆ ಹೇಳಬೇಡ. ಮುಂದೆಂದಾದರೂ ಅವಳ ಗಂಟಲೂ ದಣಿದರೆ, ಶ್ರುತಿಯನ್ನು ಸ್ವಲ್ಪ ಇಳಿಸಿಬಿಡು. ಅದನ್ನೂ ಹೇಳಬೇಡ.

ನಿನ್ನ
ಡೊಲೊರೆಸ್