ನಗುಮುಖದ ಗುಂಡಿ ಮತ್ತು ನಮ್ಮ ಕಲ್ಲುಬೆಂಚು

ಮಾನ್ಯ ಕಾರ್ಖಾನೆ ಮುಖ್ಯಸ್ಥರೇ,

ನಮ್ಮ ಕಲ್ಲುಬೆಂಚನ್ನು ವಾಪಸು ಕೊಡಿ. ತಪಾಸಣೆಯ ವೈಜಯಂತಿಗೆ ಕೊಟ್ಟ ಮೆಮೊವನ್ನು ವಾಪಸು ತೆಗೆದುಕೊಳ್ಳಿ. ಪತ್ರ ಇಷ್ಟೇ, ಮುಂದಿನದು ತಮ್ಮ ತಿಳಿವಳಿಕೆಗಾಗಿ. ಮಾನೇಸರ್ ಕಾರ್ಖಾನೆಯ ತಮ್ಮ ಚೇಂಬರಿನ ಬಾಗಿಲು 'ಸದಾ ತೆರೆದಿರುತ್ತದೆ' ಎಂದು ಬರೆಸಿದ್ದೀರಿ. ಅದನ್ನು ತೆರೆಯುವ ಕಾರ್ಡು ನಮ್ಮ ಬಳಿ ಇಲ್ಲ. ತಾವೂ ಕನ್ನಡದವರು, ದೆಹಲಿಯ ನಮ್ಮ ಸಂಘದ ಈ ಪತ್ರಿಕೆ ತಮ್ಮ ಮನೆಗೂ ಬರುತ್ತದೆ ಎಂಬ ಧೈರ್ಯದಿಂದ ಇಲ್ಲಿ ಬರೆಯುತ್ತಿದ್ದೇನೆ.

'ವ್ಯವಹಾರದ ಗುರಿಗಳಿಗೆ ಪೂರಕವಾದ ಕೆಲಸದ ವಾತಾವರಣ' ನಿರ್ಮಿಸುವುದಾಗಿ ಹೋಳಿಯ ನಂತರ ತಾವು ಘೋಷಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ವಾತಾವರಣವೆಂದರೆ ಫ್ಯಾನು ಎಂದುಕೊಂಡಿದ್ದೆವು. ಬಂದದ್ದು ಪ್ಲಾಸ್ಟಿಕ್ ಹುಲ್ಲು, ಕೂತರೆ ಏಳಲಾಗದ ಬೀನ್ ಬ್ಯಾಗು, ಗೋಡೆಯ ಮೇಲೆ ನಗುತ್ತಿರುವ ವಿದೇಶಿ ಕಾರ್ಮಿಕರ ಚಿತ್ರ. ಅವರ ಬಟ್ಟೆಗೆ ಒಂದು ಹನಿ ಎಣ್ಣೆಯೂ ತಾಗಿಲ್ಲ. ಯಾವ ಕಾರ್ಖಾನೆಯೆಂದು ತಿಳಿಸಿದರೆ ನಾನೂ ಅರ್ಜಿ ಹಾಕುತ್ತೇನೆ. ಇದಕ್ಕೆಲ್ಲ ಜಾಗ ಬೇಕೆಂದು ಬೇವಿನ ಮರದಡಿಯ ಕಲ್ಲುಬೆಂಚನ್ನು ಕೀಳಿಸಿದಿರಿ. ಅದು ಸೋಮಾರಿಗಳ ಕಟ್ಟೆಯೆಂದು ತಮಗೆ ಯಾರು ಹೇಳಿದರು?

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಆ ಬೆಂಚಿನ ಮೇಲೆ ಹತ್ತು ನಿಮಿಷ ಕೂರುವುದು ನಮ್ಮ ಹನ್ನೊಂದು ವರ್ಷದ ಪದ್ಧತಿ. ಚಾಯ್ ಭಯ್ಯಾ ಲೋಟ ಕೊಡುತ್ತಿದ್ದ. ಯಾವ ಮೆಷಿನ್ ಇವತ್ತು ಮುನಿಸಿಕೊಂಡಿದೆ ಎಂದು ಹೊರಡುವವರು ಬರುವವರಿಗೆ ಹೇಳುತ್ತಿದ್ದರು. ನಾವು ಮಾಡುವುದು ಬ್ರೇಕ್ ಪೈಪು. ಮೂರನೇ ಮೆಷಿನ್ ಬಿಸಿಯೇರಿದರೆ ಪೈಪಿನ ಬಾಗು ಕೂದಲೆಳೆಯಷ್ಟು ತಪ್ಪುತ್ತದೆ. ಅಂಥ ದಿನ ಹತ್ತರಲ್ಲಿ ಒಂದನ್ನಲ್ಲ, ಪ್ರತಿಯೊಂದನ್ನೂ ಅಳೆಯಬೇಕು. ಇದು ಯಾವ ಕೈಪಿಡಿಯಲ್ಲೂ ಇಲ್ಲ. ಬೆಂಚಿನ ಮೇಲೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು.

ಈಗ ಹೊರಡುವವರಿಗೆ ಒಂದು ಗೇಟು, ಬರುವವರಿಗೆ ಇನ್ನೊಂದು. ಬೆಂಚಿನ ಬದಲು ಫೋನಿನಲ್ಲಿ ಆ್ಯಪ್ ಕೊಟ್ಟಿದ್ದೀರಿ. ಅದರಲ್ಲಿ ಬರೆಯಲು ಜಾಗವಿಲ್ಲ. ಪಾಳಿ ಮುಗಿಸುವಾಗ ನಗುಮುಖ, ಸಪ್ಪೆಮುಖ, ಅಳುಮುಖಗಳಲ್ಲಿ ಒಂದನ್ನು ಒತ್ತಬೇಕು. ಒಮ್ಮೆ ಮೆಷಿನ್ ಸರಿಯಿಲ್ಲವೆಂದು ಅಳುಮುಖ ಒತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಕಂಪನಿ ನೇಮಿಸಿದ ಆಪ್ತ ಸಮಾಲೋಚಕಿಯೊಬ್ಬರು ಮನೆಗೆ ಫೋನ್ ಮಾಡಿ ನನ್ನ ದಾಂಪತ್ಯ ಹೇಗಿದೆ ಎಂದು ಮುಕ್ಕಾಲು ಗಂಟೆ ವಿಚಾರಿಸಿದರು. ಚೆನ್ನಾಗಿಯೇ ಇತ್ತು, ಆ ಮಾತುಕತೆ ಹೆಂಡತಿಯ ಕಿವಿಗೆ ಬಿದ್ದ ಮೇಲೆ ಸ್ವಲ್ಪ ಏರುಪೇರಾಯಿತು.

ಹಾಗಾಗಿ ಹೋದ ತಿಂಗಳ ಒಂದು ಮಂಗಳವಾರ, ಮೂರನೇ ಮೆಷಿನ್ ಕಾದಿದೆಯೆಂದು ಗೊತ್ತಿದ್ದೂ ನಗುಮುಖ ಒತ್ತಿ ಮನೆಗೆ ಹೋದೆ. ನನ್ನ ನಂತರದ ಪಾಳಿಯಲ್ಲಿ ತಪಾಸಣೆ ಮಾಡುವ ವೈಜಯಂತಿ ನಿಯಮದಂತೆ ಹತ್ತಕ್ಕೊಂದು ಅಳೆದಳು. ಇಡೀ ಲಾಟು ಗಿರಾಕಿಯಿಂದ ಹಿಂದಕ್ಕೆ ಬಂತು. ಈ ತಿಂಗಳು ಅವಳ ಕೆಲಸ ಕಾಯಂ ಆಗಬೇಕಿತ್ತು. ಈಗ ಕೈಗೆ ಮೆಮೊ ಬಂದಿದೆ, ಬರುವ ಸೋಮವಾರ ವಿಚಾರಣೆಗೆ ನಿಲ್ಲಬೇಕು. ಬಸ್ ನಿಲ್ದಾಣದಲ್ಲಿ ಸಿಕ್ಕಳು. ಬೈಯಲಿಲ್ಲ. "ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಸರ್, ಎಲ್ಲಾ ಪೈಪೂ ಅಳೀತಿದ್ದೆ" ಅಂದಳು. ನನಗೆ ನಾಚಿಕೆಯಾಯಿತು.

ಮಾನ್ಯರೇ, ನಮ್ಮ ವ್ಯವಹಾರದ ಗುರಿಯೆಂದರೆ ಎಲ್ಲೋ ಯಾರದೋ ಕಾರಿನ ಬ್ರೇಕು ಸರಿಯಾಗಿ ಹಿಡಿಯುವುದಲ್ಲವೇ? ಅದಕ್ಕೆ ಹುಲ್ಲು ಬೇಡ, ಹತ್ತು ನಿಮಿಷ ಸಾಕು. ಮೆಮೊದಲ್ಲಿ ಅವಳ ಹೆಸರು ಹೊಡೆದು ನನ್ನದನ್ನು ಬರೆಯಿರಿ. ಸೋಮವಾರ ನಾನೇ ಬರುತ್ತೇನೆ. ಶಿಕ್ಷೆ ಏನೇ ಇರಲಿ, ನಿಂತೇ ಕೇಳುತ್ತೇನೆ. ಕೂರಲು ಬೆಂಚಿಲ್ಲವಲ್ಲ.

ಇಂತಿ,
ಈ ಸಲ ಅಳುಮುಖವನ್ನೇ ಒತ್ತಿರುವ
ಅನಂತಮೂರ್ತಿ, ಬೆಳಗಿನ ಪಾಳಿ
(ದಾಂಪತ್ಯ ಚೆನ್ನಾಗಿದೆ. ದಯವಿಟ್ಟು ಮನೆಗೆ ಫೋನ್ ಮಾಡಿಸಬೇಡಿ.)