ಎಲ್ಲ ಹೆಸರೂ ಒಟ್ಟಿಗೇ ಬಿದ್ದವು

ಕನಕರಾಜು,

ಸತ್ತವನಿಗೆ ವರದಿ ಒಪ್ಪಿಸುವುದು ದಂಡ ಕಣೋ. ಆದರೂ ಕೇಳು.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಸುಟ್ಟುಹೋದ ಕೂಲಿಯವರ ನೆನಪಿಗೆ ನೀನು ಮಾಡಿದ್ದ ಸ್ಲೈಡುಗಳನ್ನು ಕಂಪ್ಯೂಟರಿನ ಹೊಸ ಪ್ಯಾಕೇಜಿಗೆ ದಾಟಿಸಿದೆ. ಹಳೆಯ ಆದೇಶಗಳನ್ನು ಹೊಸದಕ್ಕೆ ತಿಳಿಸುವ ಹೊಂದಾಣಿಕೆಯ ಪದರವನ್ನು ನಂಬಿ ಕೆಟ್ಟೆ. ಅಕ್ಷರ, ಬಣ್ಣ ಎಲ್ಲ ಬಂತು. ಒಂದೊಂದು ಹೆಸರಿನ ನಂತರ ಕೊಂಚ ನಿಂತು ಮುಂದಿನದು ಬರಲೆಂದು ನೀನಿಟ್ಟಿದ್ದ ತಡೆಗಳನ್ನು ಮಾತ್ರ ಅದು ನುಂಗಿತ್ತು.

ಹೆಸರು ಗೋಡೆಗೆ ಬಿದ್ದಾಗ ಆ ಮನೆಯವರು ಎದ್ದು ನಿಲ್ಲುತ್ತಿದ್ದರಲ್ಲ? ಇವತ್ತು ಕಟ್ಟೆಮಳಲವಾಡಿಯ ಸಭೆಯಲ್ಲಿ ಎಲ್ಲ ಹೆಸರೂ ಒಟ್ಟಿಗೇ ಬಿದ್ದವು. ಯಾರೂ ಏಳಲಿಲ್ಲ.

"ಅವ್ನು ಒಬ್ಬೊಬ್ರನ್ನೇ ಕರೀತಿದ್ದ ಕಣ್ಲಾ," ಎಂದಳು ಮಗನನ್ನು ಕಳೆದುಕೊಂಡ ಮಾರಮ್ಮ. "ನೀನು ಎಲ್ರನ್ನೂ ಒಂದೇ ಗುಂಡಿಗಾಕ್ಬುಟ್ಟೆ."

ಧಿಕ್ಕಾರ ಕೂಗಿಯೇ ಬೆಳೆದ ಬಾಯಿ ನನ್ನದು. ಯಾರಿಗೆ ಕೂಗಲಿ?

ಈ ಸಲ ಕೊನೆಗೆ ನಿನ್ನ ಹೆಸರನ್ನೂ ಸೇರಿಸಿದ್ದೆ. ಆ ಗುಂಪಿನಲ್ಲಿ ಅದು ಯಾರಿಗೂ ಕಾಣಲಿಲ್ಲ. ನಿನ್ನ ಹೆಸರಿಗೆ ಏಳಬೇಕಿದ್ದ ನಾನೂ ಕೂತೇ ಇದ್ದೆ.