ಹೊಳೆದಂಡೆಯಲ್ಲಿ ಹುಟ್ಟಿದ ಹರಕೆ

ಹೆಮ್ಮಿಗೆ, ದೊಡ್ಡಮ್ಮನ ಮನೆ
ಸೋಮವಾರ, ೧೯ ಜನವರಿ ೨೦೨೬

ಮುದ್ದು ಕವನ,

ದೂರದ ಕುಮಟಾದಲ್ಲಿ ಕೂತಿರುವ ನನ್ನ ಕೂಸಿಗೆ ಅವ್ವನ ಮುತ್ತುಗಳು. ಫೋನು ಬಿಟ್ಟು ಇವಳೇಕೆ ಕಾಗದ ಬರೆದಳು ಅಂದುಕೊಳ್ಳಬೇಡ. ಮನೆಯಿಂದ ಫೋನಾದರೆ ನಿಮ್ಮಪ್ಪ ಪಕ್ಕಕ್ಕೆ ಬಂದು ಕೂರುತ್ತಾರೆ, ಇಲ್ಲಿಂದಾದರೆ ನಿಮ್ಮ ದೊಡ್ಡಮ್ಮ. ನಾನು ಒಂದು ಮಾತು ಆಡುವುದರೊಳಗೆ ಅವರದು ನಾಲ್ಕು.

ಕುಮಟಾದಿಂದ ಗೋಕರ್ಣದವರೆಗೆ ಕಡಲ ಬಂಡೆಗಳ ಮೇಲೆ ಒಬ್ಬಳೇ ನಡೆದು ಹೋಗುತ್ತೇನೆ, ಹೂಂ ಅನ್ನು ಎಂದು ನೀನು ಕೇಳಿ ತಿಂಗಳಾಯಿತು. ಆಸ್ಪತ್ರೆಯ ಕೆಲಸಕ್ಕೆ ನಿನಗೆ ರಜವೂ ಸಿಕ್ಕಿದೆ. ನಿಮ್ಮಪ್ಪ ಬೇಡವೇ ಬೇಡ ಎಂದರು. ವರ್ಷಾವರ್ಷ ಗುಂಪು ಕಟ್ಟಿಕೊಂಡು ಮಾದಪ್ಪನ ಬೆಟ್ಟಕ್ಕೆ ನಡೆಯುವ ಮನುಷ್ಯ, ಮಗಳು ಒಬ್ಬಳೇ ನಡೆಯುತ್ತಾಳೆ ಎಂದರೆ ಬೆವರುತ್ತಾರೆ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಬ್ಬಳೇ ನಡೆಯುವುದೆಂದರೆ ಏನೆಂದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಅಪ್ಪಣೆ ಕೊಡುವುದು ಹೇಗೆ?

ಅದಕ್ಕೇ ನಿನ್ನೆ ನಡೆದುಬಿಟ್ಟೆ. ನಂಜನಗೂಡಿನಿಂದ ನರಸೀಪುರದ ಸಂಗಮದವರೆಗೆ, ಕಪಿಲೆಯ ದಂಡೆ ಹಿಡಿದು, ಒಬ್ಬಳೇ. ಹೆಮ್ಮಿಗೆಗೆ ಅಕ್ಕನ ಮನೆಗೆ ಹೋಗುತ್ತೇನೆ ಎಂದು ನಿಮ್ಮಪ್ಪನಿಗೆ ಹೇಳಿ ತಾಂಡವಪುರದಲ್ಲಿ ಮೊದಲ ಬಸ್ಸು ಹತ್ತಿದೆ. ಸುಳ್ಳೇನಲ್ಲ. ಹೋಗುವ ದಾರಿ ಹೇಳಲಿಲ್ಲ, ಅಷ್ಟೆ.

ನಂಜನಗೂಡಿನ ಸೋಪಾನಕಟ್ಟೆ ದಾಟಿದ ಮೇಲೆ ದಾರಿ ಎನ್ನುವುದೇ ಇಲ್ಲ. ಬಂಡೆ, ಜಾಲಿ, ಮತ್ತೆ ಬಂಡೆ. ಒಂದು ಕಡೆ ದಡವೇ ಕುಸಿದಿತ್ತು. ಸೀರೆಯನ್ನು ಮಂಡಿಯ ಮೇಲಕ್ಕೆ ಸಿಕ್ಕಿಸಿಕೊಂಡು ಅಂಬೆಗಾಲಿನಲ್ಲಿ ಹತ್ತಿದೆ. ಅಂಗನವಾಡಿಯ ಪುಟ್ಟಲಕ್ಷ್ಮಿ ಟೀಚರನ್ನು ಆ ಅವತಾರದಲ್ಲಿ ನೋಡಲು ಕೊಕ್ಕರೆಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹತ್ತುವ ಭರದಲ್ಲಿ ಹೊಸ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಬಿಸಾಡಲು ಮನಸ್ಸು ಬರದೆ ಜೋಡಿಯನ್ನು ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲಿ ಹೊರಟೆ. ಉಟ್ಟಿದ್ದುದೋ ಹಳೆಯ ಹಳದಿ ಸೀರೆ, ಹಗುರವಾಗಿದೆ ಎಂದು. ಎಡವಟ್ಟಾದದ್ದು ಅಲ್ಲೇ.

ಸುತ್ತೂರಿನ ಈಚೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಜವರಮ್ಮ ಎಂಬಾಕೆ ಹಳದಿ ಸೀರೆ, ಬರಿಗಾಲು ನೋಡಿದ್ದೇ ಓಡಿ ಬಂದು, ಬಿಂದಿಗೆಯ ನೀರನ್ನು ನನ್ನ ಕಾಲ ಮೇಲೆ ಸುರಿದು ಮುಟ್ಟಿ ನಮಸ್ಕರಿಸಿದಳು. ನಾನು ಹರಕೆ ಹೊತ್ತು ಸಂಗಮಕ್ಕೆ ನಡೆಯುತ್ತಿದ್ದೇನೆ ಎಂದೇ ಅವಳ ಲೆಕ್ಕ. ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ನಂಬಲಿಲ್ಲ. “ಅರಕೆ ಏನು ಅಂತ ಏಳಕಾಗ್ದಿದ್ರೆ ಬ್ಯಾಡ ಕಣವ್ವ. ನನ್ ಮಗಳ್ದು ಎರಿಗೆ ಅತ್ರ ಬಂದದೆ, ಈ ಕಾಯಿ ಅಲ್ಲಿ ಒಡಿಸ್ಬುಡು,” ಎಂದು ತೆಂಗಿನಕಾಯಿ ಕೈಗಿಟ್ಟಳು.

ಚಪ್ಪಲಿ ಇರುವ ಚೀಲಕ್ಕೆ ದೇವರ ಕಾಯಿ ಹಾಕುವುದು ಹೇಗೆ? ಚಪ್ಪಲಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಮುಂದಿನ ಊರಿನಲ್ಲಿ ರಂಗಸ್ವಾಮಿ ಎಂಬ ಅಜ್ಜ ಒಂದು ಚಿಪ್ಪು ರಸಬಾಳೆ ಕೊಟ್ಟು, ಆ ಟವೆಲಿನ ಗಂಟನ್ನೇ ಮುಡಿಪೆಂದು ತಿಳಿದು ಎರಡೂ ಕಣ್ಣಿಗೆ ಒತ್ತಿಕೊಂಡರು. ನಾನು ಬಾಯಿ ಬಿಡಲಿಲ್ಲ ಕಣೇ. ಆ ಪಾಪ ನನ್ನ ತಲೆಗೇ ಇರಲಿ.

ಹೆದರಿಕೆ ಆಗಲಿಲ್ಲವಾ ಎಂದು ಕೇಳುತ್ತೀಯ. ಆಯಿತು. ಮಧ್ಯಾಹ್ನ ಕಬ್ಬಿನ ಗದ್ದೆಗಳ ನಡುವೆ ಏನೋ ಸರಸರ ಎಂದಿತು. ಕೂಗಿದರೂ ಯಾರಿಗೂ ಕೇಳಿಸದ ಜಾಗ. ಹಿಂದಕ್ಕೆ ಹೋಗಲೂ ಅಷ್ಟೇ ದೂರ ಎನ್ನಿಸಿ ಮುಂದಕ್ಕೇ ಕಾಲಿಟ್ಟೆ. ನೋಡಿದರೆ ಹಗ್ಗ ಕಿತ್ತುಕೊಂಡು ಬಂದ ಎಮ್ಮೆ, ಅದಕ್ಕೂ ನನ್ನಷ್ಟೇ ಗಾಬರಿ.

ಆಮೇಲೆ ಬಂಡೆಯ ಮೇಲೆ ಕೂತು ಹೊಳೆಗೆ ಕಾಲು ಇಳಿಬಿಟ್ಟು ಬುತ್ತಿ ಬಿಚ್ಚಿದೆ. ಅವ್ವಾ ಎಂದಾಗಲಿ, ಟೀಚರ್ ಎಂದಾಗಲಿ, ಲೇ ಎಂದಾಗಲಿ ಯಾರೂ ಕರೆಯಲಿಲ್ಲ. ಮದುವೆಯಾದಾಗಿನಿಂದ ಅಷ್ಟು ಹೊತ್ತು ಯಾರೂ ನನ್ನನ್ನು ಕರೆಯದೆ ಇದ್ದದ್ದೇ ಇಲ್ಲ. ಎಷ್ಟು ಸಂತೋಷವಾಯಿತೆಂದರೆ ಅಳು ಬಂತು. ಬುತ್ತಿಯ ಮೊಸರನ್ನ ಅಷ್ಟು ರುಚಿಯಾಗಿ ಎಂದೂ ಇರಲಿಲ್ಲ.

ಹೊತ್ತು ಇಳಿಯುವಾಗ ಕಪಿಲೆ ಕಾವೇರಿಗೆ ಸೇರುವುದು ಕಂಡಿತು. ಗುಂಜಾ ನರಸಿಂಹನ ಗುಡಿಯಲ್ಲಿ ಜವರಮ್ಮನ ಕಾಯಿ ಒಡೆಸಿ, ಅಜ್ಜನ ಬಾಳೆಹಣ್ಣು ಒಪ್ಪಿಸಿ, ಹೆಮ್ಮಿಗೆಗೆ ಬಂದೆ. ಅಂಗಾಲೆಲ್ಲ ಬೊಬ್ಬೆ. ನಿಮ್ಮ ದೊಡ್ಡಮ್ಮ ಬೈದುಕೊಂಡೇ ಬಿಸಿನೀರು ಕಾಯಿಸಿ ಕೊಟ್ಟಳು.

ಈಗ ನನಗೆ ಗೊತ್ತಾಗಿದೆ, ಅದಕ್ಕೇ ಹೇಳುತ್ತಿದ್ದೇನೆ: ಹೋಗಿ ಬಾ ಮಗಳೇ. ಚಪ್ಪಲಿ ಬೇಡ, ಬೂಟು ಹಾಕಿಕೋ. ಅಪ್ಪನೂ ಹೂಂ ಎಂದಿದ್ದಾರೆ. ಹೇಗೆಂದು ಬರೆಯಲು ನಾಚಿಕೆ.

ಬೊಬ್ಬೆಗಾಲಿನ ನಿನ್ನ ಅವ್ವ,
ಪುಟ್ಟಲಕ್ಷ್ಮಿ

ತಾ.ಕ.: ನಾಚಿಕೆ ಬಿಟ್ಟು ಬರೆಯುತ್ತೇನೆ. ಕಾಯಿ ಒಡೆಯುವ ಮೊದಲು ಅರ್ಚಕರು ನಿಮ್ಮ ಹರಕೆ ಏನಮ್ಮ ಎಂದು ಕೇಳಿಬಿಟ್ಟರು. ಆ ವೇಷದಲ್ಲಿ ನಿಂತು ಏನೂ ಇಲ್ಲ ಎನ್ನುವುದು ಹೇಗೆ? ಬಾಯಿಗೆ ಬಂದದ್ದು ಹೇಳಿದೆ: ನನ್ನ ಮಗಳು ಕಡಲ ದಂಡೆಯಲ್ಲಿ ಒಬ್ಬಳೇ ನಡೆದು ಗೋಕರ್ಣ ಮುಟ್ಟಬೇಕು, ಮುಟ್ಟಿದರೆ ಇದೇ ದಾರಿಯಲ್ಲಿ ಇನ್ನೊಂದು ಸಲ ನಡೆದು ಬರುತ್ತೇನೆ. ಫೋನಿನಲ್ಲಿ ನಿಮ್ಮಪ್ಪನಿಗೂ ಅದನ್ನೇ ಒಪ್ಪಿಸಿದೆ. ಯಾವ ದೇವರ ಮುಂದೆ ಎಂದು ಎರಡು ಸಲ ಕೇಳಿದರು. ಆಮೇಲೆ, “ಅರಕೆ ಅಂದ್ಮೇಲೆ ಮುರಿಯಕಾಯ್ತದಾ? ಓಗ್ಬುಟ್ಟು ಬರ್ಲಿ ಬುಡು,” ಎಂದರು. ಆದ್ದರಿಂದ ನಡುದಾರಿಯಲ್ಲಿ ಆಟೋಗೀಟೋ ಹತ್ತೀಯ, ಜೋಕೆ. ನೀನು ಗೋಕರ್ಣ ಮುಟ್ಟಿದರೆ ತಾನೇ ನನಗೆ ಇನ್ನೊಂದು ದಿನ ಸಿಗುವುದು.